ಕುಡಿಯುವವರಿಗೊಂದು ಸೂರು: ಸಿಯಾಟಲ್‌ನ 1811 ಈಸ್ಟ್‌ಲೇಕ್ ಮತ್ತು ಉಳಿತಾಯದ ಲೆಕ್ಕ

ಅಮೆರಿಕದ ಸಿಯಾಟಲ್ ನಗರದ ಈಸ್ಟ್‌ಲೇಕ್ ಅವೆನ್ಯೂದಲ್ಲಿ 2005ರ ಡಿಸೆಂಬರ್‌ನಲ್ಲಿ ಒಂದು ವಸತಿ ಕಟ್ಟಡ ತೆರೆಯಿತು. ಬಾಗಿಲ ಮೇಲಿನ ಸಂಖ್ಯೆಯೇ ಅದರ ಹೆಸರು: 1811 ಈಸ್ಟ್‌ಲೇಕ್. ಅಲ್ಲಿ 75 ಜನರಿಗೆ ಜಾಗ. ಎಲ್ಲರೂ ವರ್ಷಗಟ್ಟಲೆ ಬೀದಿಯಲ್ಲಿ ಬದುಕಿದ, ತೀವ್ರ ಮದ್ಯವ್ಯಸನಕ್ಕೆ ಸಿಕ್ಕಿದ ಜನ. ಒಳಗೆ ಬರಲು ಅವರು ಕುಡಿತ ಬಿಟ್ಟಿರಬೇಕಾಗಿಲ್ಲ, ಬಿಡುತ್ತೇನೆಂದು ಮಾತು ಕೊಡಬೇಕಾಗಿಲ್ಲ. ತಮ್ಮ ಕೋಣೆಯಲ್ಲಿ ಕೂತು ಕುಡಿದರೆ ಯಾರೂ ಹೊರಹಾಕುವುದಿಲ್ಲ. ಹಗಲು ರಾತ್ರಿ ಸಿಬ್ಬಂದಿ ಇರುತ್ತಾರೆ. ಚಿಕಿತ್ಸೆ ಬೇಕೆಂದವರಿಗೆ ದಾರಿ ತೋರಿಸುತ್ತಾರೆ, ಬೇಡವೆಂದವರನ್ನು ಬಲವಂತ ಮಾಡುವುದಿಲ್ಲ. ಕುಡಿತ ಬಿಡುವುದೇ ಮೊದಲ ಮೆಟ್ಟಿಲು ಎನ್ನುವ ಮದ್ಯವರ್ಜನ ಶಿಬಿರಗಳನ್ನು ಕಂಡು ಬಲ್ಲ ಕನ್ನಡದ ಓದುಗರಿಗೆ ಈ ಕ್ರಮ ತಲೆಕೆಳಗಾಗಿ ಕಾಣಬಹುದು. ಅಂದು ಸಿಯಾಟಲ್‌ನ ಅನೇಕರಿಗೂ ಹಾಗೆಯೇ ಕಂಡಿತ್ತು. ನೆರೆಯ ಆಸ್ತಿದಾರರು ನ್ಯಾಯಾಲಯಕ್ಕೆ ಹೋದರು, ಕೆಲಸ ತಡವಾಯಿತು.

ಈ ಮನೆಯನ್ನು ನಡೆಸುವುದು ಡೌನ್‌ಟೌನ್ ಎಮರ್ಜೆನ್ಸಿ ಸರ್ವಿಸ್ ಸೆಂಟರ್ ಎಂಬ, 1979ರಿಂದ ಕೆಲಸ ಮಾಡುತ್ತಿರುವ ಲಾಭರಹಿತ ಸಂಸ್ಥೆ. ಕಟ್ಟಲು ಹಣ ಬಂದದ್ದು ಹಲವು ಕಡೆಯಿಂದ. ನಗರಾಡಳಿತವೂ ಅವುಗಳಲ್ಲಿ ಒಂದು. ಸಿಯಾಟಲ್‌ಗೆ ಈ ವಿಷಯದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಬಡವರ ವಸತಿಗಾಗಿ ಹೆಚ್ಚುವರಿ ಆಸ್ತಿ ತೆರಿಗೆ ಕೊಡುತ್ತೀರಾ ಎಂದು ನಗರ ತನ್ನ ಮತದಾರರನ್ನೇ ಕೇಳುತ್ತದೆ. 2002ರಲ್ಲಿ ಅವರು 8.6 ಕೋಟಿ ಡಾಲರಿಗೆ ಒಪ್ಪಿದರು, 2009ರಲ್ಲಿ 14.5 ಕೋಟಿಗೆ, 2016ರಲ್ಲಿ 29 ಕೋಟಿಗೆ, 2023ರಲ್ಲಿ 97 ಕೋಟಿಗೆ. ನೆರೆಯವರ ದಾವೆಯನ್ನು ಓದಿದವರು ಈ ಅಂಕಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಊರಿನ ಮನಸ್ಸು ಎರಡೂ ಕಡೆ ಇತ್ತು.

1811 ಈಸ್ಟ್‌ಲೇಕ್ ಜಗತ್ತಿನ ಗಮನ ಸೆಳೆದದ್ದು ಒಂದು ಸಂಶೋಧನಾ ಪ್ರಬಂಧದಿಂದ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೇರಿ ಲಾರಿಮರ್ ಮತ್ತು ಸಂಗಡಿಗರು 2009ರ ಏಪ್ರಿಲ್‌ನಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಬೇರೆ ಬೇರೆ ಕಾಲದಲ್ಲಿ ಮನೆ ಸಿಕ್ಕಿದ 95 ಜನ, ಸರದಿ ಪಟ್ಟಿಯಲ್ಲಿ ಕಾಯುತ್ತಿದ್ದ 39 ಜನ: ಇವರ ಮೇಲೆ ಜೈಲು, ಆಸ್ಪತ್ರೆ, ತುರ್ತು ವೈದ್ಯಸೇವೆ, ಅಮಲಿಳಿಸುವ ಕೇಂದ್ರ, ರಾತ್ರಿ ತಂಗುದಾಣ ಮುಂತಾದವು ಮಾಡಿದ ಖರ್ಚನ್ನು ಹೋಲಿಸಿ ನೋಡಿದರು. ಮನೆ ಸಿಕ್ಕಿದವರ ಮೇಲೆ ಹಿಂದಿನ ವರ್ಷ ಆಗಿದ್ದ ಒಟ್ಟು ಖರ್ಚು 81,75,922 ಡಾಲರ್. ತಲಾ ಮಾಸಿಕ ಖರ್ಚಿನ ಮಧ್ಯಾಂಕ 4,066 ಡಾಲರ್ ಇದ್ದದ್ದು ಆರು ತಿಂಗಳ ವಾಸದ ನಂತರ 1,492ಕ್ಕೆ, ಹನ್ನೆರಡು ತಿಂಗಳ ನಂತರ 958ಕ್ಕೆ ಇಳಿಯಿತು. ವಸತಿಯ ಖರ್ಚನ್ನು ಕಳೆದ ಮೇಲೂ, ಕಾಯುತ್ತಿದ್ದವರಿಗೆ ಹೋಲಿಸಿದರೆ ತಿಂಗಳಿಗೆ ತಲಾ 2,449 ಡಾಲರ್ ಉಳಿತಾಯ. ‘ಬೀದಿಯಲ್ಲಿ ಬಿಡುವುದಕ್ಕಿಂತ ಮನೆ ಕೊಡುವುದೇ ಅಗ್ಗ’ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕೆ ಎಂದು ಅನೇಕರು ಕೇಳಿದರು.

ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಟ್ಟು ಖರ್ಚನ್ನು 95 ಜನರಿಗೂ 12 ತಿಂಗಳಿಗೂ ಭಾಗಿಸಿದರೆ ತಲಾ ಮಾಸಿಕ ಸರಾಸರಿ ಸುಮಾರು 7,172 ಡಾಲರ್ ಬರುತ್ತದೆ. ಮಧ್ಯಾಂಕವೋ 4,066. ಇಷ್ಟು ದೊಡ್ಡ ಅಂತರಕ್ಕೆ ಕಾರಣ, ಕೆಲವೇ ಜನರ ಮೇಲೆ ವಿಪರೀತ ಖರ್ಚಾಗಿತ್ತು ಎಂಬುದು: ಮತ್ತೆ ಮತ್ತೆ ಆಸ್ಪತ್ರೆ ಸೇರಿದವರು, ಮತ್ತೆ ಮತ್ತೆ ಜೈಲಿಗೆ ಹೋದವರು. ಈ ಮನೆಗೆ ಜನರನ್ನು ಆರಿಸಿದ್ದೂ ಬಹುಪಾಲು ಇಂಥವರ ಪಟ್ಟಿಯಿಂದಲೇ. ಯಾರ ಮೇಲೆ ಹಿಂದಿನ ವರ್ಷ ಅತಿ ಹೆಚ್ಚು ಖರ್ಚಾಯಿತೋ ಅವರಲ್ಲಿ ಕೆಲವರ ಖರ್ಚು, ಏನೂ ಮಾಡದಿದ್ದರೂ ಮರುವರ್ಷ ಇಳಿಯುತ್ತದೆ. ಅತಿ ಕೆಟ್ಟ ವರ್ಷದ ಮರುವರ್ಷ ಸಾಮಾನ್ಯವಾಗಿ ಅಷ್ಟು ಕೆಟ್ಟದ್ದಾಗಿರುವುದಿಲ್ಲ. ಆದ್ದರಿಂದಲೇ ಹೋಲಿಕೆಯ ಗುಂಪು ಬೇಕಾಗುತ್ತದೆ, ಮತ್ತು ಲಾರಿಮರ್ ತಂಡ ಅದನ್ನು ಇಟ್ಟುಕೊಂಡದ್ದು ಈ ಅಧ್ಯಯನದ ದೊಡ್ಡ ಗುಣ.

ಹೋಲಿಕೆ ನಡೆದದ್ದು ಮೊದಲ ಆರು ತಿಂಗಳಿಗೆ ಮಾತ್ರ. ಅಲ್ಲಿ ಸಿಕ್ಕ ಇಳಿಕೆ 53%. ಹನ್ನೆರಡು ತಿಂಗಳ 958 ಡಾಲರಿನ ಪಕ್ಕದಲ್ಲಿ ಇಡಲು ಹೋಲಿಕೆಯ ಅಂಕಿಯಿಲ್ಲ. 4,066ರಿಂದ 958ಕ್ಕೆ ಎಂದರೆ 76% ಇಳಿಕೆ. ಅದು ‘ಮೊದಲು’ ಮತ್ತು ‘ನಂತರ’ದ ಅಂತರವೇ ಹೊರತು ಮನೆಯಿಂದಲೇ ಆದ ಇಳಿಕೆ ಎಂದು ಹೇಳಲು ಬರುವುದಿಲ್ಲ. ಇನ್ನು 53% ಎಂಬುದೂ ಒಂದು ಅಂದಾಜಿನ ನಡುಬಿಂದು. 95% ವಿಶ್ವಾಸದ ವ್ಯಾಪ್ತಿಯಲ್ಲಿ ನೋಡಿದರೆ ನಿಜವಾದ ಇಳಿಕೆ 12%ರಷ್ಟು ಕಡಿಮೆಯೂ ಇರಬಹುದು, 75%ರಷ್ಟು ಹೆಚ್ಚೂ ಇರಬಹುದು. 134 ಜನರ ಅಧ್ಯಯನದಿಂದ ಇದಕ್ಕಿಂತ ಖಚಿತವಾದುದನ್ನು ನಿರೀಕ್ಷಿಸುವುದು ಅನ್ಯಾಯ. ಯಾರಿಗೆ ಮನೆ, ಯಾರಿಗೆ ಸರದಿ ಎಂದು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ; ಗುಂಪುಗಳ ಮೂಲ ವ್ಯತ್ಯಾಸವನ್ನು ಗಣಿತದಿಂದ ಸರಿದೂಗಿಸಲಾಗಿತ್ತು. ಮನೆ ನಡೆಸುವ ಸಂಸ್ಥೆಯ ಇಬ್ಬರು ಪ್ರಮುಖರು ಪ್ರಬಂಧದ ಸಹಲೇಖಕರೂ ಆಗಿದ್ದರು. ಹೆಸರುಗಳು ಪ್ರಬಂಧದ ಮೇಲೆಯೇ ಇವೆ, ಮುಚ್ಚಿಟ್ಟದ್ದೇನೂ ಇಲ್ಲ; ಓದುವವರು ನೆನಪಿಟ್ಟುಕೊಂಡರೆ ಸಾಕು.

ಇಷ್ಟಾದ ಮೇಲೂ ಖರ್ಚು ಇಳಿಯಿತು ಎಂಬ ಮುಖ್ಯ ಮಾತು ನಿಲ್ಲುತ್ತದೆ. ಆದರೆ ಉಳಿದ ಹಣ ಯಾರ ಕೈ ಸೇರಿತು? ಕಟ್ಟಡಕ್ಕೆ ಹಣ ಹಾಕಿದವರಲ್ಲಿ ನಗರಾಡಳಿತವೂ ಒಂದು. ಜೈಲು ಕಿಂಗ್ ಕೌಂಟಿಯದು. ಈ ರೋಗಿಗಳು ಹೋಗುತ್ತಿದ್ದ ಹಾರ್ಬರ್‌ವ್ಯೂ ಆಸ್ಪತ್ರೆ ಕೌಂಟಿಯ ಒಡೆತನದ್ದು, ನಡೆಸುವುದು ವಾಷಿಂಗ್ಟನ್ ವಿಶ್ವವಿದ್ಯಾಲಯ. ಬಡವರ ವೈದ್ಯ ವೆಚ್ಚ ಭರಿಸುವ ಮೆಡಿಕೇಡ್‌ನಲ್ಲಿ ಒಕ್ಕೂಟ ಸರ್ಕಾರಕ್ಕೂ ರಾಜ್ಯಕ್ಕೂ ಪಾಲು. ಹೀಗಾಗಿ ಆಸ್ಪತ್ರೆಯಲ್ಲಿ, ಜೈಲಿನಲ್ಲಿ ಉಳಿದದ್ದರಲ್ಲಿ ಬಹುಪಾಲು ನಗರದ ಬೊಕ್ಕಸಕ್ಕೆ ಮರಳುವುದಿಲ್ಲ. ಒಂದು ನಗರಸಭೆ ತನ್ನ ಆಯವ್ಯಯವನ್ನಷ್ಟೇ ಮುಂದಿಟ್ಟುಕೊಂಡು ಕೂತರೆ ಇಂಥ ಮನೆ ಅದಕ್ಕೆ ಬರೀ ಖರ್ಚಾಗಿಯೇ ಕಾಣುತ್ತದೆ. ಉಳಿತಾಯವೊಂದನ್ನೇ ಕಾರಣವಾಗಿ ಹೇಳಿ ನಗರಗಳನ್ನು ಒಪ್ಪಿಸಲು ಹೊರಟವರು ಈ ಕಡೆ ಸಾಕಷ್ಟು ಗಮನ ಕೊಟ್ಟಿಲ್ಲ ಎಂದು ನನ್ನ ಅಭಿಪ್ರಾಯ. ಖರ್ಚು ಉಳಿಯದಿದ್ದರೆ ಆ 75 ಜನರನ್ನು ಚಳಿಯಲ್ಲಿ ಬಿಡಬಹುದಿತ್ತೇ? ಆ ವಾದದೊಳಗೆ ಈ ಪ್ರಶ್ನೆಗೆ ಉತ್ತರವಿಲ್ಲ. ನನಗೆ ಅದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ಚಿಕಿತ್ಸೆಯ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳ ಅಂಕಿಗಳು ಬೇರೆ ಕಡೆ ಇವೆ. ಮನೆಯಲ್ಲಿ ಕುಡಿಯಲು ಬಿಟ್ಟರೆ ಕುಡಿತ ಹೆಚ್ಚುತ್ತದೆ ಎಂಬುದು ವಿರೋಧಿಗಳ ಮೊದಲ ಆಕ್ಷೇಪವಾಗಿತ್ತು, ಬೆಂಬಲಿಗರಲ್ಲೂ ಕೆಲವರಿಗಿದ್ದ ಅಳುಕು. ಸೂಸನ್ ಕಾಲಿನ್ಸ್ ಮತ್ತು ಸಂಗಡಿಗರು ನಿವಾಸಿಗಳನ್ನು ಎರಡು ವರ್ಷ ಅನುಸರಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ದಿನವೊಂದರ ಕುಡಿತದ ಮಧ್ಯಾಂಕ 20 ಪೆಗ್‌ನಿಂದ 12ಕ್ಕೆ, ಅತಿ ಹೆಚ್ಚು ಕುಡಿದ ದಿನದ್ದು 40ರಿಂದ 26ಕ್ಕೆ ಇಳಿದಿತ್ತು. ಕುಡಿತ ನಿಂತಾಗ ಮೈ ನಡುಗಿ, ಇಲ್ಲದ್ದು ಕಂಡು, ಕೆಲವೊಮ್ಮೆ ಪ್ರಾಣಕ್ಕೇ ಎರವಾಗುವ ಡೆಲಿರಿಯಂ ಟ್ರೆಮೆನ್ಸ್ ಅನುಭವಿಸಿದವರ ಪ್ರಮಾಣ 65%ರಿಂದ 23%ಕ್ಕೆ ಬಂದಿತ್ತು.

ದಿನಕ್ಕೆ 12 ಪೆಗ್ ಎಂದರೆ ಆರೋಗ್ಯವಲ್ಲ, ಅದನ್ನು ಯಾರೂ ಹಾಗೆಂದು ಹೇಳಿಲ್ಲ. ಆದರೆ ಇದು ಬಲವಂತವಿಲ್ಲದೆ ಬಂದ ಇಳಿಕೆ. ಅಂಗಡಿಯ ಬಾಟಲಿ ಕೈಗೆಟುಕುವಷ್ಟು ಹತ್ತಿರವಿದ್ದೂ, ಯಾರೂ ಬೇಡ ಎನ್ನದಿದ್ದೂ, ಜನ ತಾವಾಗಿಯೇ ಕಡಿಮೆ ಮಾಡಿದರು. ಇಲ್ಲಿಯೂ ಎಚ್ಚರ ಬೇಕು. ಕುಡಿತದ ಪ್ರಮಾಣವನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡದ್ದು. ಈ ಅಧ್ಯಯನದಲ್ಲಿ ಹೋಲಿಕೆಯ ಗುಂಪಿಲ್ಲ. ಇನ್ನೊಂದು ಸಂಗತಿಯೂ ಇದೆ. 2006ರಲ್ಲಿ, ನಗರದ ಕೋರಿಕೆಯ ಮೇಲೆ ರಾಜ್ಯದ ಮದ್ಯ ಮಂಡಳಿ ಸಿಯಾಟಲ್‌ನ ಮಧ್ಯಭಾಗದಲ್ಲಿ ಅಗ್ಗದ, ಹೆಚ್ಚು ಅಮಲಿನ ಕೆಲವು ಬಿಯರ್ ಮತ್ತು ವೈನ್‌ಗಳ ಮಾರಾಟ ನಿಲ್ಲಿಸಿತು. ಬೀದಿಯಲ್ಲಿ ಕುಡಿಯುವವರು ಕೊಳ್ಳುತ್ತಿದ್ದದ್ದು ಇಂಥ ಸರಕನ್ನೇ. ನಿವಾಸಿಗಳ ಕುಡಿತ ಇಳಿದ ಕಾಲವೂ ಅದೇ. ಮನೆಯ ಪರಿಣಾಮ ಎಷ್ಟು, ಮಾರಾಟ ನಿಷೇಧದ್ದೆಷ್ಟು ಎಂದು ಈ ಅಂಕಿಗಳಿಂದ ಬಿಡಿಸಿ ಹೇಳಲಾಗದು. ಒಂದೇ ನಗರಾಡಳಿತ ಒಂದು ಕೈಯಿಂದ ಮನೆ ಕಟ್ಟಿಸಿ ಇನ್ನೊಂದು ಕೈಯಿಂದ ಸರಕನ್ನು ದೂರ ಮಾಡಿತ್ತು. ಎರಡನ್ನೂ ಅದರ ಬೆಂಬಲದ ಭಾಗವಾಗಿಯೇ ಓದಬೇಕೆಂದು ನನಗನಿಸುತ್ತದೆ.

2012ರಲ್ಲೇ ಕಾಲಿನ್ಸ್, ಡೇನಿಯಲ್ ಮಲೋನ್ ಮತ್ತು ಲಾರಿಮರ್ ಇನ್ನೊಂದು ಪ್ರಶ್ನೆ ಕೇಳಿದರು. ಕುಡಿತ ಕಡಿಮೆಯಾದವರು ಯಾರು? ಚಿಕಿತ್ಸಾ ಕೇಂದ್ರಕ್ಕೆ ಹೋದವರೋ, ಬದಲಾಗಬೇಕೆಂಬ ಮನಸ್ಸು ಮೂಡಿದವರೋ? ಉತ್ತರ ಎರಡನೆಯದರ ಕಡೆಗೇ ಹೆಚ್ಚು ವಾಲಿತು. ಬದಲಾಗುವ ಮನಸ್ಸು ಮುಂದಿನ ಕುಡಿತವನ್ನು ಸ್ಥಿರವಾಗಿ ಸೂಚಿಸಿತು. ಚಿಕಿತ್ಸೆಗೆ ಹಾಜರಾದದ್ದು ಅಷ್ಟಾಗಿ ಸೂಚಿಸಲಿಲ್ಲ. ಚಿಕಿತ್ಸೆ ವ್ಯರ್ಥ ಎಂದು ಇದರಿಂದ ತೀರ್ಮಾನಿಸುವುದು ದುಡುಕು. ಅನೇಕ ಸಲ ಕೇಂದ್ರಗಳಿಗೆ ಹೋಗಿ, ಮರಳಿ ಬೀದಿಗೆ ಬಿದ್ದು, ಆ ದಾರಿಯಲ್ಲಿ ನಂಬಿಕೆ ಕಳೆದುಕೊಂಡವರು ಇವರಲ್ಲಿ ಇದ್ದರು. ನಿವಾಸಿಗಳೊಡನೆ ನಡೆದ ಸಂದರ್ಶನಗಳಲ್ಲೂ ಈ ಅಪನಂಬಿಕೆ ಕಾಣುತ್ತದೆ. ಅವರಿಗೆ ಹೊಂದುವ ಚಿಕಿತ್ಸೆ ಆಗ ಇರಲಿಲ್ಲ ಎಂಬ ಓದು ಹೆಚ್ಚು ಸರಿ.

ಅಂಥ ಚಿಕಿತ್ಸೆಯನ್ನು ರೂಪಿಸುವ ಕೆಲಸವೂ ಸಿಯಾಟಲ್‌ನಲ್ಲೇ ಮುಂದುವರಿಯಿತು. ಕುಡಿತ ಬಿಡಬೇಕೆಂಬ ಷರತ್ತಿಲ್ಲದ ಆಪ್ತಸಮಾಲೋಚನೆ ಅದು. ವ್ಯಕ್ತಿ ತನ್ನ ಗುರಿಯನ್ನು ತಾನೇ ಹೇಳುತ್ತಾನೆ: ಬೆಳಗಿನ ಮೊದಲ ಪೆಗ್ ತಡಮಾಡುವುದು, ಖಾಲಿ ಹೊಟ್ಟೆಯಲ್ಲಿ ಕುಡಿಯದಿರುವುದು, ಮಗಳಿಗೆ ಫೋನ್ ಮಾಡುವುದು, ಹೀಗೆ ಯಾವುದಾದರೂ ಆಗಬಹುದು. ಸಲಹೆಗಾರರು ಅಳತೆಯ ದಾಖಲೆ ಇಟ್ಟು ಜೊತೆಗೆ ನಡೆಯುತ್ತಾರೆ. ನಗರದ ಮೂರು ಸೇವಾ ನೆಲೆಗಳಲ್ಲಿ 308 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂತು. ಈ ಬಾರಿ ಯಾರು ಯಾವ ಗುಂಪಿಗೆ ಎಂಬುದನ್ನು ಯಾದೃಚ್ಛಿಕವಾಗಿಯೇ ನಿರ್ಧರಿಸಲಾಗಿತ್ತು. ಸಮಾಲೋಚನೆಯ ಜೊತೆಗೆ ಮದ್ಯವ್ಯಸನಕ್ಕೆ ಕೊಡುವ ನಾಲ್‌ಟ್ರೆಕ್ಸೋನ್ ಔಷಧದ ಚುಚ್ಚುಮದ್ದು ಪಡೆದವರಲ್ಲಿ, ಎಂದಿನ ಸೇವೆಯನ್ನಷ್ಟೇ ಪಡೆದವರಿಗಿಂತ ಕುಡಿತದ ಪ್ರಮಾಣವೂ ಅದರ ಹಾನಿಯೂ ಕಡಿಮೆಯಾದವು. ಔಷಧವಿಲ್ಲದೆ ಸಮಾಲೋಚನೆಯನ್ನಷ್ಟೇ ಪಡೆದ ಗುಂಪಿನಲ್ಲೂ ಕೆಲವು ಅಳತೆಗಳು ಸುಧಾರಿಸಿದವು. ತರಬೇತಿ ಪಡೆದ ಒಬ್ಬ ಸಲಹೆಗಾರ, ಒಂದು ಕೋಣೆ, ವಾರಗಳ ತಾಳ್ಮೆ: ಇವು ಯಾವ ನಗರಸಭೆಯ ಆಯವ್ಯಯಕ್ಕೂ ಎಟುಕದ ಬಾಬುಗಳಲ್ಲ. ಮುಂದಿನ ಅಧ್ಯಯನಗಳು ಉಳಿದ ಡಾಲರುಗಳ ಪಕ್ಕದಲ್ಲಿ ಆ ವಾರಗಳ ದಾಖಲೆಯನ್ನೂ ಕೇಳಿ ಪಡೆಯಬೇಕು.