ಪುರಸಭೆಯಲ್ಲಿ ಪ್ರಶ್ನಿಸುವ ಹಕ್ಕು

ಮದರಾಸು ಆಧಿಪತ್ಯದಲ್ಲಿ 1865ರ ಪಟ್ಟಣ ಸುಧಾರಣಾ ಶಾಸನವು ಜಾರಿಗೆ ಬಂದಾಗ ನಮ್ಮ ಆದವಾನಿಯೂ ಪುರಸಭೆಯ ಪಟ್ಟಣವಾಯಿತು. ಆದರೆ ಅಂದಿನ ಸದಸ್ಯರು ಸರಕಾರದಿಂದ ನೇಮಕಗೊಂಡವರು. ತೆರಿಗೆ ತೆತ್ತ ಪ್ರಜೆಗೆ ಲೆಕ್ಕ ಕೇಳುವ ದಾರಿಯಿರಲಿಲ್ಲ. 1882ರಲ್ಲಿ ಲಾರ್ಡ್ ರಿಪ್ಪನ್ನರು ಹೊರಡಿಸಿದ ಸ್ಥಳೀಯ ಸ್ವಯಮಾಡಳಿತದ ನಿರ್ಣಯವೂ 1884ರ ಶಾಸನವೂ ಚುನಾವಣೆಯ ಬಾಗಿಲನ್ನು ಅಗಲಗೊಳಿಸಿದವು.

1920ರ ಮದರಾಸು ಜಿಲ್ಲಾ ಪುರಸಭೆಗಳ ಶಾಸನವು ಮತ್ತೊಂದು ಹೆಜ್ಜೆಯನ್ನಿಟ್ಟಿತು. ಕಾಮಗಾರಿಯಲ್ಲಿನ ಉದಾಸೀನ, ಪುರಸಭೆಯ ಸ್ವತ್ತಿನ ಪೋಲು, ಯಾವುದೇ ಕೇರಿಯ ಕೊರತೆ ಇವನ್ನು ಆಡಳಿತದ ಗಮನಕ್ಕೆ ತರುವ, ನಿರ್ಣಯ ಮಂಡಿಸುವ, ಅಧ್ಯಕ್ಷರನ್ನೇ ಪ್ರಶ್ನಿಸುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಲಭಿಸಿತು. ಇದಕ್ಕೆ ಬಹುಮತದ ಬೆಂಬಲ ಬೇಕಿರಲಿಲ್ಲ. ನೀರು, ದೀಪ, ಚರಂಡಿ, ಶಾಲೆಗಳಿಗೆಂದು ಎತ್ತಿಟ್ಟ ಹಣವೇನಾಯಿತೆಂದು ಒಬ್ಬನೇ ಎದ್ದುನಿಂತು ಕೇಳಬಹುದಾಗಿತ್ತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯು ಒಡೆದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ಗಡಿ ಸರಿದರೂ ಆ ಶಾಸನವು 1965ರ ಹೊಸ ಶಾಸನ ಬರುವವರೆಗೆ ಇಲ್ಲಿ ನಡೆದುಬಂದಿತು. 1992ರ 74ನೆಯ ತಿದ್ದುಪಡಿಯಿಂದ ಪುರಸಭೆಗಳಿಗೆ ಸಂವಿಧಾನದ ಆಧಾರವೇ ಒದಗಿತು.

ಸಂಖ್ಯೆಯಲ್ಲಿ ಅಲ್ಪರಾದ ಗಡಿನಾಡ ಕನ್ನಡಿಗರಿಗೆ ಈ ಇತಿಹಾಸವು ಮುಖ್ಯವಾದುದು. ನಮ್ಮ ಶಾಲೆಯ ಮಾಡು ಸೋರಿದರೆ ಸಭೆಯಲ್ಲಿ ಅದನ್ನು ಕೇಳುವ ಒಂದು ಕಂಠವಾದರೂ ಇರಬೇಕು; ಆ ಪ್ರಶ್ನೆ ನಡವಳಿಯ ಪುಸ್ತಕದಲ್ಲಿ ದಾಖಲಾಗಬೇಕು. ಅಂಥವರನ್ನು ಆರಿಸಿ ಕಳುಹಿಸುವ ಹೊಣೆ ನಮ್ಮದೇ ಆಗಿದೆ.