ಚೀಟಿ, ಕಾರ್ಡು ಮತ್ತು ಆಸ್ಪತ್ರೆಯ ಬಾಗಿಲು



ಇತಿಹಾಸವೆಂದರೆ ಹಂಪಿಯ ಕಲ್ಲುಗಳೂ ಕಂಪ್ಲಿಯ ಕುಮಾರರಾಮನ ಕಥೆಯೂ ಮಾತ್ರವಲ್ಲ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಮ್ಮ ಮನೆಯ ಟ್ರಂಕಿನಲ್ಲಿ ಮಡಿಸಿಟ್ಟ ಪಡಿತರ ಚೀಟಿ, ಸಹಕಾರ ಸಂಘದ ಯಶಸ್ವಿನಿ ಕಾರ್ಡು, ಆಯುಷ್ಮಾನ್ ಕಾರ್ಡು ಇವೂ ದಾಖಲೆಗಳೇ. ಒಂದು ಕಾಲದ ಸರ್ಕಾರ ತನ್ನ ಪ್ರಜೆಗೆ ಏನನ್ನು ಕೊಡಲೊಪ್ಪಿತು, ಯಾವ ಷರತ್ತಿನ ಮೇಲೆ ಒಪ್ಪಿತು ಎಂಬುದನ್ನು ಶಾಸನಗಳಷ್ಟೇ ಸ್ಪಷ್ಟವಾಗಿ ಇವು ಹೇಳುತ್ತವೆ. ಬಡವನೊಬ್ಬ ಸರ್ಕಾರದ ಖರ್ಚಿನಲ್ಲಿ ಖಾಸಗಿ ಆಸ್ಪತ್ರೆಯ ಬಾಗಿಲನ್ನು ಹೇಗೆ ದಾಟಿದನು, ಎಷ್ಟರಮಟ್ಟಿಗೆ ದಾಟಿದನು ಎಂಬ ವಿಚಾರವನ್ನು ಈ ಸಲ ನಮ್ಮ ಸೀಮೆಯ ಹಿನ್ನೆಲೆಯಲ್ಲಿ ನೋಡೋಣ.

ಮೊದಲು ತತ್ತ್ವವನ್ನು ತಿಳಿದುಕೊಳ್ಳಬೇಕು. ಸರ್ಕಾರವು ಜನರಿಗೆ ಸೇವೆಯೊಂದನ್ನು ಒದಗಿಸಲು ಮೂರು ದಾರಿಗಳುಂಟು. ತಾನೇ ಶಾಲೆಯನ್ನೋ ಆಸ್ಪತ್ರೆಯನ್ನೋ ಕಟ್ಟಿ ನಡೆಸುವುದು ಮೊದಲನೆಯದು. ಖಾಸಗಿ ಸಂಸ್ಥೆಗೆ ಅನುದಾನ ಕೊಡುವುದು ಎರಡನೆಯದು. ಹಣವನ್ನು ವ್ಯಕ್ತಿಯ ಹೆಸರಿಗೆ ಕಟ್ಟಿ, ಅವನು ಮೆಚ್ಚಿದ ಸಂಸ್ಥೆಗೆ ಹೋದಾಗ ಅಲ್ಲಿಗೆ ಪಾವತಿಸುವುದು ಮೂರನೆಯದು. ಈ ಮೂರನೆಯದಕ್ಕೆ ವೋಚರ್ ಪದ್ಧತಿ ಎಂದು ಹೆಸರು. 1854ರ ವುಡ್ಸ್ ಡಿಸ್ಪ್ಯಾಚ್ ನಮ್ಮ ದೇಶದಲ್ಲಿ ಎರಡನೆಯ ದಾರಿಯನ್ನು ತೆರೆಯಿತು. ಅನುದಾನಿತ ಪ್ರೌಢಶಾಲೆಯಲ್ಲಿ ಸಂಬಳ ಪಡೆದ ನನ್ನಂಥವನು ಸರ್ಕಾರದ ಹಣ ಖಾಸಗಿ ಸಂಸ್ಥೆಗೆ ಹೋಗುವುದೇ ತಪ್ಪೆಂದು ಹೇಳಿದರೆ ಅದು ಉಂಡ ಮನೆಯ ಜಂತೆ ಎಣಿಸಿದಂತಾದೀತು. ಮೂರನೆಯ ದಾರಿಯನ್ನು ಶಿಕ್ಷಣಕ್ಕೆ ಅನ್ವಯಿಸಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಪ್ರಬಂಧ ಬರೆದರು. ಆರೋಗ್ಯ ಕ್ಷೇತ್ರದಲ್ಲಿ 1960ರ ದಶಕದ ತೈವಾನ್ ಮತ್ತು ದಕ್ಷಿಣ ಕೊರಿಯಾಗಳು ಕುಟುಂಬ ಯೋಜನೆಗೆ ಇಂಥ ಚೀಟಿಗಳನ್ನು ಹಂಚಿದುವು.

ನಮ್ಮ ಸೀಮೆಯಲ್ಲಿ ಮೊದಲು ಇದ್ದುದು ಇವಾವುವೂ ಅಲ್ಲ. ಸ್ವಾತಂತ್ರ್ಯಕ್ಕೆ ಮುನ್ನ ಹೊಸಪೇಟೆ, ಹಂಪಿ, ಕಂಪ್ಲಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದರೆ, ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಹೊಳೆ ದಾಟಿದರೆ ಆನೆಗೊಂದಿ, ಗಂಗಾವತಿಗಳು ನಿಜಾಮರವು. ಹೀಗೆ ಹತ್ತಾರು ಮೈಲಿಗಳೊಳಗೆ ಮೂರು ಆಳ್ವಿಕೆಗಳಿದ್ದುವು. ಸಂಡೂರು 1949ರಲ್ಲಿ ಮದರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದುವು. ಅಷ್ಟರಲ್ಲಿ ಭೋರ್ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಕೊಟ್ಟಿತ್ತು. ಹಣ ಕೊಡಲಾಗದೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು, ಅದಕ್ಕಾಗಿ ಸರ್ಕಾರವೇ ಹಳ್ಳಿಯಿಂದ ಜಿಲ್ಲೆಯವರೆಗೆ ಆಸ್ಪತ್ರೆಗಳ ಸರಪಣಿಯನ್ನು ಕಟ್ಟಬೇಕು ಎಂಬುದು ಅದರ ತಿರುಳು. ಪ್ರಾಥಮಿಕ ಆರೋಗ್ಯ ಕೇಂದ್ರಗಳೂ 1961ರಲ್ಲಿ ಬಳ್ಳಾರಿಗೆ ಬಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಈ ಚಿಂತನೆಯ ಕಾಲದವು.

ಗಣಿ ಕಾರ್ಮಿಕರಿಗೆ ಪ್ರತ್ಯೇಕ ವ್ಯವಸ್ಥೆಯಿತ್ತು. ಕಬ್ಬಿಣದ ಅದಿರಿನ ಮೇಲೆ ಸುಂಕ ವಿಧಿಸಿ ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕೆಂಬ ಕಾಯಿದೆ 1961ರಲ್ಲಿ ಬಂದಿತು. ಹೊಸಪೇಟೆಯ ಪಕ್ಕದ ಕಾರಿಗನೂರಿನ ಕಾರ್ಮಿಕ ಕಲ್ಯಾಣ ಆಸ್ಪತ್ರೆ ಅಂತಹ ನಿಧಿಯಿಂದ ನಡೆದುದು. ಅದಿರು ಅಗೆದ ಜಾಗದಲ್ಲಿ ಅದಿರಿನ ಹಣದಿಂದ ಆಸ್ಪತ್ರೆ ನಡೆಸುವ ಈ ಕ್ರಮ ನನಗೆ ಇಂದಿಗೂ ನ್ಯಾಯವಾಗಿ ಕಾಣುತ್ತದೆ. ಆ ಸುಂಕ ಈಗ ಇಲ್ಲ.

ನನ್ನ ಬಾಲ್ಯದಲ್ಲಿ ಸರ್ಕಾರಿ ದವಾಖಾನೆಗೆ ಮನೆಯಿಂದಲೇ ಸೀಸೆ ಒಯ್ಯಬೇಕಿತ್ತು. ಕಾಂಪೌಂಡರು ಕೆಂಪು ಔಷಧ ತುಂಬಿ, ಎಷ್ಟು ಗುಟುಕೆಂದು ತಿಳಿಯಲು ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಗೆ ಅಂಟಿಸಿಕೊಡುತ್ತಿದ್ದರು. ಜ್ವರಕ್ಕೆ ಅದು ಸಾಕಾಗುತ್ತಿತ್ತು. ಹೃದಯದ ಕವಾಟ ಕೆಟ್ಟರೆ, ಗಂಟಲಲ್ಲಿ ಗಡ್ಡೆಯೆದ್ದರೆ ಹೊಲ ಮಾರುವುದು ಇಲ್ಲವೇ ದೇವರ ಮೇಲೆ ಭಾರ ಹಾಕುವುದು, ಇವೆರಡೇ ಉಳಿದಿದ್ದ ದಾರಿಗಳು.

ಮೂರನೆಯ ದಾರಿ ನಮ್ಮಲ್ಲಿಗೆ ಬಂದುದು ಸಹಕಾರ ಸಂಘಗಳ ಮೂಲಕ. ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ, ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ, ಯಶಸ್ವಿನಿ ಯೋಜನೆ 2003ರ ಜೂನ್‌ನಲ್ಲಿ ಜಾರಿಗೆ ಬಂದಿತು. ಸಹಕಾರ ಸಂಘದ ರೈತನು ವರ್ಷಕ್ಕೆ 60 ರೂಪಾಯಿ ಕಟ್ಟಿದರೆ, ಪಟ್ಟಿಯಲ್ಲಿದ್ದ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಗದಿಲ್ಲದೆ ನಡೆಯುತ್ತಿತ್ತು. ಸರ್ಕಾರವೂ ತನ್ನ ಪಾಲು ಹಾಕುತ್ತಿತ್ತು. ಕಂಪ್ಲಿಯ ಕಾಲುವೆ ಬಯಲಿನಲ್ಲಿ ಭತ್ತ ಬೆಳೆಯುವವರು ಸಂಘದ ಸದಸ್ಯರಾಗಿದ್ದುದರಿಂದ ಅವರಿಗೆ ಇದು ಒದಗಿತು. ಅದೇ ಗದ್ದೆಯಲ್ಲಿ ನಾಟಿ ಮಾಡುವ ಕೂಲಿಯವಳು ಸಂಘದ ಸದಸ್ಯೆಯಲ್ಲದಿದ್ದರೆ ಅವಳಿಗೆ ಇದು ದೊರೆಯುತ್ತಿರಲಿಲ್ಲ.

ಆ ಕೊರತೆಯನ್ನು ತುಂಬಲು ಬಂದುದು ವಾಜಪೇಯಿ ಆರೋಗ್ಯಶ್ರೀ. ನೆರೆಯ ಆಂಧ್ರದಲ್ಲಿ 2007ರಲ್ಲಿ ಇಂತಹ ಯೋಜನೆ ಆರಂಭವಾಗಿತ್ತು. ನಮ್ಮ ರಾಜ್ಯವು 2010ರಲ್ಲಿ ತನ್ನ ಯೋಜನೆಯನ್ನು ಬೆಂಗಳೂರಿನಿಂದಲ್ಲ, ಗುಲ್ಬರ್ಗಾ ವಿಭಾಗದಿಂದ ಆರಂಭಿಸಿತು. ಬಳ್ಳಾರಿ ಜಿಲ್ಲೆ ಆ ವಿಭಾಗದಲ್ಲಿದ್ದುದರಿಂದ ಹೊಸಪೇಟೆ, ಸಂಡೂರು, ಕಂಪ್ಲಿಗಳಿಗೆ ಅದು ಮೊದಲ ಹಂತದಲ್ಲಿಯೇ ದೊರೆಯಿತು. ಹಿಂದುಳಿದವರು ಮೊದಲು ಎಂಬ ಮಾತು ಕಡತದಿಂದ ಹೊರಗೆ ಬಂದ ಅಪರೂಪದ ಸಂದರ್ಭವದು. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ಕಂತಿಲ್ಲದೆ, ವರ್ಷಕ್ಕೆ 1.5 ಲಕ್ಷ ರೂಪಾಯಿಯವರೆಗೆ, ಹೃದಯ, ಕ್ಯಾನ್ಸರ್, ನರರೋಗ ಮುಂತಾದ ದೊಡ್ಡ ಕಾಯಿಲೆಗಳ ಚಿಕಿತ್ಸೆ ಸಿಗುವಂತಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೊದಲೇ ಅನುಮತಿ ಕೊಟ್ಟು, ನಿಗದಿತ ದರವನ್ನು ಆಸ್ಪತ್ರೆಗೆ ಪಾವತಿಸುತ್ತಿತ್ತು. ತಪಾಸಣಾ ಶಿಬಿರಗಳು ನಡೆದುವು, ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರೆಂಬ ಸಹಾಯಕರು ಬಂದರು.

ಇದರಿಂದ ಪ್ರಯೋಜನವಾಯಿತೇ? ಭಾವನೆಯಿಂದಲ್ಲ, ಅಂಕಿಗಳಿಂದಲೇ ಉತ್ತರಿಸಬಹುದು. ಯೋಜನೆ ಉತ್ತರದ ಜಿಲ್ಲೆಗಳಿಗೆ ಬಂದು, ದಕ್ಷಿಣಕ್ಕೆ ಇನ್ನೂ ತಲುಪದಿದ್ದ ಅವಧಿಯನ್ನು ಬಳಸಿಕೊಂಡು ಸಂಶೋಧಕರು ಎರಡೂ ಕಡೆಯ 572 ಹಳ್ಳಿಗಳನ್ನು ಹೋಲಿಸಿದರು. ಅವರ ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೊಳಪಟ್ಟ ರೋಗಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ, ಯೋಜನೆಯಿದ್ದ ಹಳ್ಳಿಗಳಲ್ಲಿ ಶೇ. 0.32, ಇಲ್ಲದ ಹಳ್ಳಿಗಳಲ್ಲಿ ಶೇ. 0.90. ಯೋಜನೆಗೆ ಒಳಪಡದ, ಬಡತನ ರೇಖೆಯ ಮೇಲಿನ ಕುಟುಂಬಗಳಲ್ಲಿ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಶೇ. 0.56 ಮತ್ತು ಶೇ. 0.55. ಗಣಿತ ಬಲ್ಲ ನನ್ನ ವಿದ್ಯಾರ್ಥಿಗಳು ಈ ಎರಡನೆಯ ಜೋಡಿಯನ್ನು ವಿಶೇಷವಾಗಿ ಗಮನಿಸಬೇಕು. ಹವೆ, ನೀರು, ರಸ್ತೆಗಳ ವ್ಯತ್ಯಾಸದಿಂದ ಸಾವು ಕಡಿಮೆಯಾಗಿದ್ದರೆ ಉಳ್ಳವರಲ್ಲಿಯೂ ಅದು ಕಾಣಬೇಕಿತ್ತು.

ಆದುದರಿಂದ, ಖಾಸಗಿಗೆ ಕೊಟ್ಟ ಹಣವೆಲ್ಲ ವ್ಯರ್ಥವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಕಾರ್ಡೊಂದೇ ಸಾಕೆಂಬ ವಾದವನ್ನೂ ಒಪ್ಪಲಾರೆ. ಕಾರಣಗಳು ಮೂರು.

ಮೊದಲನೆಯದು ದೂರ. ದೊಡ್ಡ ಚಿಕಿತ್ಸೆಯ ಆಸ್ಪತ್ರೆಗಳಲ್ಲಿ ಹೆಚ್ಚಿನವು ಬೆಂಗಳೂರಿನಂಥ ನಗರಗಳಲ್ಲಿದ್ದುವು. ಹೊಸಪೇಟೆಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಅವನು ಹೇಳಿದ ಮಾತು ಇದು: "ಸಾರ್, ಆಪರೇಶನ್ನಿಗೆ ರೊಕ್ಕ ಬ್ಯಾಡಂತಾರ್ರಿ. ಆದ್ರ ಅಪ್ಪನ ಜೊತಿಗೆ ನಾನೂ ಅವ್ವಾನೂ ಹದಿನೈದು ದಿನ ಕೂಲಿ ಬಿಟ್ಟು ಕುಂತ್ರ, ಮನ್ಯಾಗಿನ ಹುಡುಗ್ರಿಗೆ ಊಟ ಯಾರು ಹಾಕ್ತಾರ್ರಿ?" ಕೊನೆಗೆ ಗಿರಣಿಯ ಸಂಗಾತಿಗಳೇ ಕೈಗೂಡಿಸಿದರು, ಶಸ್ತ್ರಚಿಕಿತ್ಸೆಯೂ ಆಯಿತು. ಅವನ ಪ್ರಶ್ನೆಗೆ ಯಾವ ಕಾರ್ಡಿನಲ್ಲಿಯೂ ಉತ್ತರವಿರಲಿಲ್ಲ.

ಎರಡನೆಯದು ಲಾಭದ ಆಸೆ. ಹಣ ರೋಗಿಯನ್ನು ಹಿಂಬಾಲಿಸಿ ಬರುವಾಗ, ಹಣಕ್ಕಾಗಿ ರೋಗಿಯನ್ನು ಹುಡುಕುವವರೂ ಹುಟ್ಟಿಕೊಳ್ಳುತ್ತಾರೆ. 2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯು 30 ರೂಪಾಯಿ ನೋಂದಣಿಗೆ ವರ್ಷಕ್ಕೆ 30,000 ರೂಪಾಯಿಯ ಚಿಕಿತ್ಸೆಯನ್ನು ಸ್ಮಾರ್ಟ್ ಕಾರ್ಡಿನ ಮೂಲಕ ಕೊಟ್ಟಿತು. ಬಿಹಾರ, ಛತ್ತೀಸಗಢಗಳಲ್ಲಿ ಅದೇ ಕಾರ್ಡಿನ ಹಣಕ್ಕಾಗಿ ಬಡ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಆರೋಪಗಳು 2012ರಲ್ಲಿ ದೇಶವನ್ನೇ ಬೆಚ್ಚಿಬೀಳಿಸಿದುವು. ಇದಕ್ಕೆ ಒಂದು ಜಾಣ ಉಪಾಯವನ್ನು ಗುಜರಾತಿನ ಚಿರಂಜೀವಿ ಯೋಜನೆಯೂ, ಅದನ್ನು ಅನುಸರಿಸಿದ ನಮ್ಮ ತಾಯಿ ಭಾಗ್ಯವೂ ಬಳಸಿದುವು. ಸಹಜ ಹೆರಿಗೆಯಾಗಲಿ ಸಿಸೇರಿಯನ್ ಆಗಲಿ, ನೂರು ಹೆರಿಗೆಗಳಿಗೆ ಒಂದೇ ಮೊತ್ತ. ಆಗ ಕತ್ತರಿ ಹಿಡಿಯುವುದರಿಂದ ವೈದ್ಯರಿಗೆ ಹೆಚ್ಚಿನ ಲಾಭವಿಲ್ಲ.

ಮೂರನೆಯದು, ಚಿಕ್ಕ ಕಾಯಿಲೆಗಳು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಗಣಿ ಧೂಳಿನ ಕೆಮ್ಮು ಇವುಗಳಿಗೆ ತಿಂಗಳು ತಿಂಗಳೂ ಮಾತ್ರೆ ಬೇಕು. ಬಡವನ ಜೇಬು ಹೆಚ್ಚಾಗಿ ಬರಿದಾಗುವುದು ಔಷಧದಂಗಡಿಯಲ್ಲಿ. ಆಸ್ಪತ್ರೆಗೆ ದಾಖಲಾದವರ ಕಾರ್ಡು ಇಲ್ಲಿ ಕೆಲಸಕ್ಕೆ ಬಾರದು.

2018 ಈ ಇತಿಹಾಸದ ತಿರುವು. ಆ ವರ್ಷ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಆರಂಭವಾಗಿ, ಹಳೆಯ ಯೋಜನೆಗಳು ಅದರಲ್ಲಿ ಲೀನವಾದುವು. ಅಕ್ಟೋಬರ್‌ನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಉಳಿದವರಿಗೆ ವೆಚ್ಚದ ಶೇ. 30, ಅದೂ 1.5 ಲಕ್ಷದವರೆಗೆ. ಮೊತ್ತ ಹೆಚ್ಚಿತು, ಆದರೆ ಮುಖ್ಯವಾದ ಷರತ್ತೊಂದು ಸೇರಿತು. ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಇಲ್ಲವೆಂದು ವೈದ್ಯರು ಶಿಫಾರಸು ಪತ್ರ ಕೊಟ್ಟರೆ ಮಾತ್ರ ಖಾಸಗಿಗೆ ಹೋಗಬಹುದು. ನಿಗದಿತ ತುರ್ತು ಚಿಕಿತ್ಸೆಗಳಿಗೆ ವಿನಾಯಿತಿಯುಂಟು. ಅಂದರೆ ನಿಜವಾದ ವೋಚರ್ ಇರುವುದು ಈಗ ಆ ಪತ್ರದಲ್ಲಿ. ಯಶಸ್ವಿನಿಯೂ ಅದೇ ವರ್ಷ ನಿಂತು, ರೈತರ ಒತ್ತಾಯದಿಂದ ಮರುಜೀವ ಪಡೆದು, 2023ರ ಜನವರಿಯಿಂದ ಪ್ರತ್ಯೇಕವಾಗಿ ಮತ್ತೆ ಸೇವೆ ಆರಂಭಿಸಿತು.

ಶಿಕ್ಷಣದಲ್ಲಿಯೂ ಹೀಗೆಯೇ ಆಯಿತೆಂಬುದು ಕುತೂಹಲಕರ. ಶಿಕ್ಷಣ ಹಕ್ಕು ಕಾಯಿದೆಯಡಿ ಖಾಸಗಿ ಶಾಲೆಗಳ ಶೇ. 25 ಸೀಟುಗಳನ್ನು ಬಡ ಮಕ್ಕಳಿಗೆ ಕೊಟ್ಟು ಶುಲ್ಕವನ್ನು ಸರ್ಕಾರ ಭರಿಸುತ್ತಿತ್ತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಸೀಟು ಬೇಡವೆಂದು 2019ರ ಆರಂಭದಲ್ಲಿ ರಾಜ್ಯವು ನಿಯಮ ಬದಲಿಸಿತು. ಎರಡರ ಹಿಂದಿನ ಆಲೋಚನೆಯೂ ಒಂದೇ: ನಮ್ಮ ಮನೆಯ ಬಾವಿಯಿರುವಾಗ ನೆರೆಮನೆಯ ನೀರಿಗೆ ದುಡ್ಡೇಕೆ?

ಆಲೋಚನೆ ಸರಿ, ಆದರೆ ಬಾವಿಯಲ್ಲಿ ನೀರಿರಬೇಕು. ಶಿಫಾರಸು ಪತ್ರದ ನಿಯಮ ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಬಲ್ಲುದು, ಸರ್ಕಾರಿ ಆಸ್ಪತ್ರೆಯ ವಾರ್ಡುಗಳನ್ನು ಬಳಕೆಯಲ್ಲಿಡಬಲ್ಲುದು. ತಜ್ಞ ವೈದ್ಯರ ಹುದ್ದೆ ಖಾಲಿಯಿರುವ ಆಸ್ಪತ್ರೆಯಲ್ಲಿ ಮಾತ್ರ ಅದು ಮತ್ತೊಂದು ಸರತಿಯ ಸಾಲಾಗುತ್ತದೆ. ಸಂಡೂರಿನ ಗುಡ್ಡದ ಹಳ್ಳಿಯವನು ತಾಲ್ಲೂಕು ಆಸ್ಪತ್ರೆಗೆ ಬಂದು, ಅಲ್ಲಿಂದ ಬಳ್ಳಾರಿಗೆ ಹೋಗಿ, ಪತ್ರ ಪಡೆದು ಮುಂದಕ್ಕೆ ಹೋಗುವಷ್ಟರಲ್ಲಿ ಎಷ್ಟು ದಿನದ ಕೂಲಿ ಹೋಯಿತೆಂದು ಲೆಕ್ಕ ಹಾಕಿ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿಗಳು ಹೊಸ ಜಿಲ್ಲೆಗೆ ಬಂದುವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಕಂಪ್ಲಿಯವನಿಗೆ ಬಳ್ಳಾರಿಗಿಂತ ಹೊಸಪೇಟೆ ಹತ್ತಿರವಾದರೂ ಅವನ ಜಿಲ್ಲಾ ಕೇಂದ್ರ ಬಳ್ಳಾರಿ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬಂತೆ, ಆಸ್ಪತ್ರೆಯಿದ್ದ ಕಾಲದಲ್ಲಿ ದೊಡ್ಡ ಚಿಕಿತ್ಸೆಯಿರಲಿಲ್ಲ. ಚಿಕಿತ್ಸೆಗೆ ಹಣ ಬಂದ ಕಾಲದಲ್ಲಿ ಆಸ್ಪತ್ರೆ ದೂರವಾಯಿತು. ಕಾರ್ಡು ದೊಡ್ಡ ಕಾಯಿಲೆಗೆ ಬೇಕೇ ಬೇಕು, 0.32 ಮತ್ತು 0.90ರ ನಡುವಿನ ಅಂತರ ಜೀವಗಳ ಅಂತರ. ಆದರೆ ಅದರ ಬೆಲೆಯನ್ನು ನಿರ್ಧರಿಸುವುದು ಮನೆಯ ಹತ್ತಿರದ ಸರ್ಕಾರಿ ಆಸ್ಪತ್ರೆಯೇ. ರೋಗವನ್ನು ಮೊದಲು ಗುರುತಿಸುವವರು, ಪತ್ರ ಬರೆಯುವವರು, ಮರಳಿ ಬಂದಮೇಲೆ ಮಾತ್ರೆ ಕೊಡುವವರು ಅಲ್ಲಿಯೇ ಇರಬೇಕು. ನಮ್ಮ ಸೀಮೆಗೆ ಹಣದ ಕೊರತೆಯೂ ಇಲ್ಲ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ಕೂಡಿದ ನಿಧಿಯುಂಟು, 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನವುಂಟು. ಕಟ್ಟಡಗಳಷ್ಟೇ ಅಲ್ಲ, ಅವುಗಳೊಳಗೆ ತಜ್ಞರೂ ದಾದಿಯರೂ ಔಷಧವೂ ಇರುವಂತೆ ನೋಡಿಕೊಳ್ಳಬೇಕೆಂದು ಗ್ರಾಮಸಭೆಗಳಲ್ಲಿ ಕೇಳುವ ಹಕ್ಕು ನಮಗಿದೆ.

ಕಡೆಯದಾಗಿ ಮೇಷ್ಟ್ರ ಒಂದು ಮನೆಪಾಠ. ಊರಿನಲ್ಲಿರುವ ನಿಮ್ಮ ತಂದೆತಾಯಿಯರಿಗೂ ಮನೆಗೆಲಸಕ್ಕೆ ಬರುವವರಿಗೂ ಕಾರ್ಡು ಆಗಿದೆಯೇ, ಪಡಿತರ ಚೀಟಿಯಲ್ಲಿಯೂ ಆಧಾರದಲ್ಲಿಯೂ ಹೆಸರು ಒಂದೇ ರೀತಿ ಇದೆಯೇ ಎಂದು ಈ ಹಬ್ಬಕ್ಕೆ ಬಂದಾಗ ನೋಡಿರಿ. ಶಿಫಾರಸು ಪತ್ರಕ್ಕಾಗಿ ಅಲೆದ ಅನುಭವ ನಿಮಗಿದ್ದರೆ ಬರೆದು ತಿಳಿಸಿರಿ. ಮುಂದಿನ ಲೇಖನದಲ್ಲಿ ಅವನ್ನು ಸೇರಿಸುತ್ತೇನೆ.

ಎಲ್ಲರಿಗೂ ಆರೋಗ್ಯ, ಆಯುಸ್ಸು ದೊರೆಯಲಿ.