ಅಜ್ಜಿ ಡಬ್ಬೀಲಿದ್ದ ನಾಕು ಕರಿಬಳೆ

ಹೋದ ತಿಂಗ್ಳು ಅಟ್ಟದಿಂದ ಕೊಬ್ರಿ ಇಳಿಸ್ವಾಗ ಮೂಲೇಲಿ ಒಂದು ತಗಡಿನ ಡಬ್ಬಿ ಸಿಕ್ತು ಕಣ್ರೇ. ಒಳ್ಗೆ ಹಳೇ ಸೀರೆ ತುಂಡಲ್ಲಿ ಸುತ್ತಿದ್ದ ನಾಕು ಕರಿಗಾಜಿನ ಬಳೆ. ನಮ್ಮಜ್ಜೀವು. ತಾತ ತೀರ್ಕಂಡಾಗ ಅಜ್ಜಿ ಕೈಬಳೆ ಎಲ್ಲಾ ಒಡೆದಿದ್ರಂತೆ. ಇವ್ನ ಮಾತ್ರ ಯಾರ್ಗೂ ಕಾಣ್ದಂಗೆ ಎತ್ತಿಟ್ಟಿದ್ರು ಅಂತ ನಮ್ಮವ್ವ ಈಗ ಬಾಯ್ಬಿಟ್ರು.

ಗಾಜಿನ ಬಳೆ ಅಂದ್ರೆ ಯಾವ್ದೋ ದೂರದ ಸಾಮಾನು ಅಂದ್ಕಂಡಿದ್ದೆ. ಓದ್ತಾ ಹೋದ್ರೆ, ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಗೆ ಅಂಟ್ಕಂಡಿರೋ ಹೊಸದುರ್ಗ ತಾಲ್ಲೂಕಿನ ಮತ್ತೋಡಲ್ಲೇ ಬಳೆಗಾಜು ಕಾಯಿಸ್ತಿದ್ರು! ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಅನ್ನೋ ಡಾಕ್ಟ್ರು ಕಂಪನಿ ಸರ್ಕಾರದ ಅಪ್ಪಣೆ ಮೇಲೆ ಮೈಸೂರು ಸೀಮೆ ಸುತ್ತಿದ್ರು. 1807ರಲ್ಲಿ ಲಂಡನ್ನಲ್ಲಿ ಅಚ್ಚಾದ ಅವ್ರ ಪುಸ್ತಕದಲ್ಲಿ ಮತ್ತೋಡಿನ ಗಾಜಿನ ವಿಚಾರ ಐತೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಹಿಂಗೆ ಐದು ಬಣ್ಣ. ಕರೀದಕ್ಕೇ ಗಿರಾಕಿ ಜಾಸ್ತಿ. ಗಾಜು ಒರಟು, ಬೆಳಕು ಹಾಯ್ತಿರ್ಲಿಲ್ಲ. ಅದಕ್ಕೆ ಬೇಕಾಗಿದ್ದು ಏನು? ಬೆಣಚುಕಲ್ಲಿನ ಪುಡಿ, ಸೌಳುಮಣ್ಣಿನ ಉಪ್ಪು. ಅಗಸ್ರು ಬಟ್ಟೆಗೆ ಹಾಕ್ತಿದ್ದ ಸೌಳೇ ಕಣ್ರೇ ಅದು! ನಾವು ತುಳ್ಕಂಡು ಓಡಾಡೋ ಮಣ್ಣು, ಕಲ್ಲೇ ಬೆಂದು ಹೆಣ್ಮಕ್ಕಳ ಕೈಗೆ ಬರ್ತಿತ್ತು.

ಆಮ್ಯಾಕೆ ಹೊರದೇಶದ ನುಣುಪು ಬಳೆ ಹಡಗಲ್ಲಿ ಬಂದ್ವು. ಅದರ ಹಿಂದೆ ಉತ್ತರಪ್ರದೇಶದ ಫಿರೋಜಾಬಾದಿನವು ರೈಲಲ್ಲಿ ಬಂದ್ವು. ಊರ ಕುಲುಮೆ ಆರಿಹೋಯ್ತು. ಅಜ್ಜೀವು ಮತ್ತೋಡಿನವಲ್ಲ. ಬೆರಳಾಡ್ಸಿದ್ರೆ ಒಂದ್ಕಡೆ ಸಣ್ಣ ಬೆಸುಗೆ ಸಿಗ್ತೈತೆ. ಫಿರೋಜಾಬಾದಲ್ಲಿ ಕಾದ ಗಾಜನ್ನ ಎಳೆ ಎಳೆದು ಸುರುಳಿ ಸುತ್ತಿ ಕತ್ತರಿಸ್ತಾರೆ. ಬಾಯಿ ಕೂಡ್ಸೋ ಕೆಲ್ಸ ಮನೆ ಮನೇಲಿ ಹೆಂಗಸ್ರದ್ದು, ದೀಪದ ಉರಿ ಮುಂದೆ ಕುಂತು. ಹೆಸ್ರು ಗೊತ್ತಿಲ್ಲದ ಯಾವ್ದೋ ಹೆಣ್ಮಗಳು ಕೂಡ್ಸಿದ್ದನ್ನ ನಮ್ಮೂರಲ್ಲಿ ಕಲ್ಲಿಗೆ ಬಡಿದು ಒಡೆಸಿದ್ರು.

ಹಳೇ ಗಾಜು ಅಂದ್ರೆ ಪ್ಯಾಟೆಯೋರು ಹೂದಾನಿ ಕೂಡಿಡ್ತಾರೆ. ನಮ್ಮನೇಲಿ ಹೂದಾನಿ ಎಲ್ಲಿತ್ತು? ಇದ್ದಿದ್ದು ಬಳೆ, ಲಾಟೀನು ಬುರುಡೆ, ಪನ್ನೀರುದಾನಿ. ನಿಮ್ಮ ಅಟ್ಟದಲ್ಲಿದ್ರೆ ಗುಜರಿಗೆ ಹಾಕ್ಬೇಡಿ ಕಣ್ರವ್ವ. ಹತ್ತಿಬಟ್ಟೇಲಿ ಸುತ್ತಿ, ಯಾರದ್ದು ಅಂತ ಒಂದು ಚೀಟಿ ಬರೆದಿಡಿ.

ಹೋದ್ವರ್ಷ ಗಂಡನ್ನ ಕಳ್ಕಂಡ ನಮ್ಮ ಚಿಕ್ಕಮ್ಮ ಮೊನ್ನೆ ಮನೇಗೆ ಬಂದಿದ್ರು. ಡಬ್ಬಿ ಮುಂದಿಟ್ಟೆ. ಸುಮಾರೊತ್ತು ನೋಡಿದ್ರು. ಎರಡು ಬಳೆ ತಗಂಡು ಕೈಗೆ ಏರಿಸ್ಕಂಡ್ರು. ಅವ್ವ ಏನೂ ಅನ್ನಲಿಲ್ಲ, ಕಾಫಿ ತರಕ್ಕೆ ಒಳೀಕೆ ಹೋದ್ರು. ಉಳಿದ ಎರಡು ಡಬ್ಬೀಲವೆ.